ಮೊದಲ ಸುತ್ತಿನಲ್ಲೇ ಸೋತವನಿಗೆ ಮೂರನೇ ಸ್ಥಾನ ಕೊಡಬಹುದೇ?

ಕೋಡಿಬಾಗದ ಪ್ರೇಕ್ಷಕ, ಕಾರವಾರ:

ಅಮೆರಿಕದ ಕಾಲೇಜು ಕುಸ್ತಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್, ಅಂದರೆ ಎನ್‌ಸಿಎಎ ಪ್ರಥಮ ವಿಭಾಗದ ಟೂರ್ನಿ, 2025ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ನಡೆಯಿತು. ಅದರ ಬಗ್ಗೆ ನಮ್ಮ ಬಳಗದಲ್ಲಿ ನಡೆದ ಮಾತೆಲ್ಲ ಒಂದೇ ಕುಸ್ತಿಯ ಸುತ್ತ ತಿರುಗಿತು. 285 ಪೌಂಡ್ ವಿಭಾಗದ ಫೈನಲ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ ಗೇಬಲ್ ಸ್ಟೀವ್‌ಸನ್ 4–2ರಿಂದ ಮುಂದಿದ್ದಾಗ, ಒಕ್ಲಹಾಮಾ ಸ್ಟೇಟ್ ವಿಶ್ವವಿದ್ಯಾಲಯದ ವ್ಯಾಟ್ ಹೆಂಡ್ರಿಕ್ಸನ್ ಕೊನೆಯ ಅರ್ಧ ನಿಮಿಷದಲ್ಲಿ ಅವರನ್ನು ಕೆಡವಿ ಮೂರು ಅಂಕ ಗಳಿಸಿ 5–4ರಿಂದ ಗೆದ್ದರು. ನೋಡುವಂಥ ಕುಸ್ತಿಯೇ ಹೌದು. ಆದರೆ ನನ್ನ ಕಣ್ಣು ಬಿದ್ದದ್ದು ತಂಡಗಳ ಪಟ್ಟಿಯ ಮೇಲೆ.

ಪೆನ್ ಸ್ಟೇಟ್, ನೆಬ್ರಾಸ್ಕಾ, ಒಕ್ಲಹಾಮಾ ಸ್ಟೇಟ್ ಈ ಮೂರೂ ತಂಡಗಳಿಗೆ ತಲಾ ಇಬ್ಬರು ಚಾಂಪಿಯನ್ನರು ಸಿಕ್ಕರು. ಹಾಗಿದ್ದೂ ಪೆನ್ ಸ್ಟೇಟ್ 177 ಅಂಕ ಗಳಿಸಿ ದಾಖಲೆ ಬರೆದರೆ, ನೆಬ್ರಾಸ್ಕಾ 117ಕ್ಕೆ, ಒಕ್ಲಹಾಮಾ ಸ್ಟೇಟ್ 102.5ಕ್ಕೆ ನಿಂತವು. ಅರವತ್ತು ಅಂಕಗಳ ಈ ಅಂತರ ಫೈನಲ್‌ಗಳಿಂದ ಬಂದದ್ದಲ್ಲ. ಪೆನ್ ಸ್ಟೇಟ್‌ನ ಹತ್ತು ತೂಕಗಳ ಹತ್ತೂ ಪೈಲ್ವಾನರು ಮೊದಲ ಎಂಟರೊಳಗೆ ಬಂದದ್ದರಿಂದ, ಅದರಲ್ಲೂ ಒಮ್ಮೆ ಸೋತವರು ಕೆಳಗಿನ ಪಟ್ಟಿಯಲ್ಲಿ ಮತ್ತೆ ಮತ್ತೆ ಗೆದ್ದು ಮೂರನೇ, ಐದನೇ ಸ್ಥಾನಕ್ಕೆ ಏರಿದ್ದರಿಂದ ಬಂದದ್ದು.

ಅಲ್ಲಿ ಒಂದು ಸೋಲಿಗೆ ಯಾರೂ ಮನೆಗೆ ಹೋಗುವುದಿಲ್ಲ. ಸೋತವನು ಕೆಳಗಿನ ಪಟ್ಟಿಗೆ ಇಳಿಯುತ್ತಾನೆ, ಅಲ್ಲಿಯೂ ಸೋತರೆ ಮಾತ್ರ ಹೊರಗೆ. ಹಾಗೆ ಇಳಿದವನು ಚಾಂಪಿಯನ್ ಆಗಲಾರ, ಆದರೆ ಮೂರನೇ ಸ್ಥಾನದವರೆಗೆ ಏರಬಹುದು. 2024ರಲ್ಲಿ ಪೆನ್ ಸ್ಟೇಟ್‌ನ ಟೈಲರ್ ಕಸಾಕ್ 149 ಪೌಂಡ್ ವಿಭಾಗದಲ್ಲಿ ಮೊದಲ ಸುತ್ತಿನಲ್ಲೇ ಸೋತು, ಆಮೇಲೆ ಸಾಲಾಗಿ ಏಳು ಕುಸ್ತಿ ಗೆದ್ದು ಮೂರನೆಯವರಾದರು. ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಕುಸ್ತಿಯಲ್ಲಿ ಇಂಥ ವ್ಯವಸ್ಥೆ ಏಕೆ ಇರಬಾರದು ಎಂಬುದು ನನ್ನ ಪ್ರಶ್ನೆ.

ಹಳೇ ಪೈಲ್ವಾನ, ಮೂಲ ಹಳಿಯಾಳ, ಈಗ ಶಿರಸಿ:

ತಮ್ಮಾ, ಪ್ರಶ್ನೆ ಒಳ್ಳೆಯದು, ಆದರೆ ಉತ್ತರ ನಿನಗೆ ಹಿಡಿಸಲಿಕ್ಕಿಲ್ಲ. ನಾನು ಬೆಳೆದದ್ದು ಗರಡಿಯ ಕೆಮ್ಮಣ್ಣಿನಲ್ಲಿ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಅಂಕವೂ ಇಲ್ಲ, ಗಡಿಯಾರವೂ ಇಲ್ಲ. ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ ಆಗುವವರೆಗೆ ಕುಸ್ತಿ ಮುಗಿಯುವುದಿಲ್ಲ. ಚಿತ್ ಆದವನು ಮೈಮೇಲಿನ ಮಣ್ಣು ಒರೆಸಿಕೊಂಡು, ಗೆದ್ದವನ ಕೈ ಮುಟ್ಟಿ, ಕಣದಿಂದ ಇಳಿಯುತ್ತಾನೆ. ಬೆಳ್ಳಿಯ ಕಡಗ ಗೆದ್ದವನಿಗೆ. ಮೂರನೆಯವನು, ಐದನೆಯವನು ಎಂಬ ಮಾತು ಆ ಕಣದಲ್ಲಿ ನಾನು ಕೇಳಿಲ್ಲ.

ಸೋಲಿಗೆ ಬೆಲೆ ಇರಬೇಕು. ಮೊದಲ ಸುತ್ತಿನಲ್ಲಿ ಎಡವಿದರೂ ಏಳು ಅವಕಾಶಗಳಿವೆ ಎಂದು ಗೊತ್ತಿರುವ ಹುಡುಗ ಮೊದಲ ಕುಸ್ತಿಗೆ ಪೂರ್ತಿ ಜೀವ ಹಾಕುತ್ತಾನೆಯೇ? ಅದಕ್ಕೂ ಮುಖ್ಯವಾಗಿ, ಸೋತು ದಣಿದ ಮೈಯನ್ನು ಮತ್ತೆ ಮತ್ತೆ ಮ್ಯಾಟಿಗೆ ಇಳಿಸಿದರೆ ಭುಜ, ಮೊಣಕಾಲು ಹೋಗುತ್ತವೆ. ಅದನ್ನು ಕಣ್ಣಾರೆ ಕಂಡವನು ನಾನು.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಅಮೆರಿಕದ ಕಾಲೇಜು ಕುಸ್ತಿಯಲ್ಲಿ ಕೆಳಗೆ ಬಿದ್ದವನು ತಾನೇ ಬಿಡಿಸಿಕೊಂಡು ಏಳಬೇಕು, ಮೇಲಿರುವವನು ಹಿಡಿದಿಟ್ಟುಕೊಂಡ ಸಮಯಕ್ಕೂ ಲೆಕ್ಕವಿದೆ, ಎದುರಾಳಿಗಿಂತ ಒಂದು ನಿಮಿಷ ಹೆಚ್ಚು ಹಿಡಿದಿದ್ದರೆ ಒಂದು ಅಂಕ. ಒಲಿಂಪಿಕ್ಸ್‌ನ ಫ್ರೀಸ್ಟೈಲ್‌ನಲ್ಲಿ ಕೆಳಗೆ ಸ್ವಲ್ಪ ಹೊತ್ತು ಏನೂ ನಡೆಯದಿದ್ದರೆ ರೆಫರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸುತ್ತಾನೆ. ನೆಲದ ಮೇಲೆ ಹೊರಳಾಡಿ ಘಿಸ್ಸಾ ಪಟ್ಟು ಹಾಕಲು ಕಾದು ಕುಳಿತಿರುತ್ತಿದ್ದ ನಮ್ಮ ಮಣ್ಣಿನ ಕುಸ್ತಿಗೆ ಈ ವಿಷಯದಲ್ಲಿ ಅವರದೇ ಹತ್ತಿರ. ಅನುಕರಿಸುವುದಿದ್ದರೆ ಅದನ್ನು ಅನುಕರಿಸಿ.

ದೈಹಿಕ ಶಿಕ್ಷಣ ಉಪನ್ಯಾಸಕ, ಶಿರಸಿ:

ಉಸ್ತಾದರ ಮೇಲಿನ ಗೌರವದಿಂದಲೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಜಾತ್ರೆಯ ಕುಸ್ತಿಯಲ್ಲಿ ಜೋಡಿ ಕಟ್ಟುವಾಗಲೇ ಹಿರಿಯರು ಇಬ್ಬರ ಮೈಕಟ್ಟು, ಹೆಸರು, ಅನುಭವ ನೋಡಿ ಸರಿಸಾಟಿಯಾಗುವಂತೆ ಕಟ್ಟುತ್ತಾರೆ. ಆದ್ದರಿಂದ ಅಲ್ಲಿ ಒಂದೇ ಕುಸ್ತಿ ಸಾಕು. ಟೂರ್ನಿಯಲ್ಲಿ ಜೋಡಿಯನ್ನು ಚೀಟಿ ಕಟ್ಟುತ್ತದೆ. ಆ ತೂಕದ ಅತ್ಯುತ್ತಮ ಇಬ್ಬರು ಮೊದಲ ಸುತ್ತಿನಲ್ಲೇ ಎದುರಾದರೆ, ಎರಡನೇ ಸ್ಥಾನದ ಯೋಗ್ಯತೆಯುಳ್ಳವನು ಬೆಳಗಿನ ತಿಂಡಿ ಕರಗುವ ಮೊದಲೇ ಹೊರಬೀಳುತ್ತಾನೆ.

ಇದಕ್ಕೆಂದೇ ಅಂತರರಾಷ್ಟ್ರೀಯ ಕುಸ್ತಿಯಲ್ಲಿ ರೆಪೆಷಾಜ್ ಇದೆ: ಫೈನಲ್ ತಲುಪಿದವರಿಗೆ ಸೋತವರಿಗೆ ಮಾತ್ರ ಕಂಚಿನ ಪದಕಕ್ಕಾಗಿ ಮತ್ತೊಂದು ಅವಕಾಶ. 2008ರ ಬೀಜಿಂಗ್‌ನಲ್ಲಿ ಸುಶೀಲ್ ಕುಮಾರ್ ಮೊದಲ ಕುಸ್ತಿಯಲ್ಲೇ ಉಕ್ರೇನಿನ ಆಂಡ್ರಿ ಸ್ಟಾಡ್ನಿಕ್‌ಗೆ ಸೋತಿದ್ದರು. ಸ್ಟಾಡ್ನಿಕ್ ಫೈನಲ್‌ಗೆ ಹೋದದ್ದರಿಂದ ಸುಶೀಲ್‌ಗೆ ಬಾಗಿಲು ತೆರೆಯಿತು, ಮೂರು ಕುಸ್ತಿ ಗೆದ್ದು ಕಂಚು ತಂದರು. 2012ರಲ್ಲಿ ಯೋಗೇಶ್ವರ ದತ್, 2016ರಲ್ಲಿ ಸಾಕ್ಷಿ ಮಲಿಕ್ ಇದೇ ದಾರಿಯಲ್ಲಿ ಬಂದವರು. ಇವರ ಪದಕಗಳಿಗೆ ಬೆಲೆ ಇಲ್ಲವೆಂದು ಉಸ್ತಾದರೂ ಹೇಳಲಾರರು. ಆದರೆ ಸ್ಟಾಡ್ನಿಕ್ ಸೆಮಿಫೈನಲ್‌ನಲ್ಲಿ ಸೋತಿದ್ದರೆ, ಅದೇ ಸುಶೀಲ್ ಅದೇ ಶಕ್ತಿಯಿಟ್ಟುಕೊಂಡು ಬರಿಗೈಯಲ್ಲಿ ವಾಪಸಾಗುತ್ತಿದ್ದರು. ನನ್ನ ಭವಿಷ್ಯವನ್ನು ನನ್ನನ್ನು ಸೋಲಿಸಿದವನ ಮುಂದಿನ ಕುಸ್ತಿ ನಿರ್ಧರಿಸುವ ಈ ಪದ್ಧತಿಗಿಂತ ಅಮೆರಿಕದ ಕಾಲೇಜು ಪದ್ಧತಿ ಹೆಚ್ಚು ನ್ಯಾಯವಾದದ್ದು.

ತೊಡಕಿರುವುದು ಲೆಕ್ಕದಲ್ಲಿ. ಒಂದು ತೂಕದಲ್ಲಿ ಹದಿನಾರು ಮಂದಿ ಇದ್ದರೆ ನೇರ ನಾಕೌಟ್‌ಗೆ 15 ಕುಸ್ತಿ, ರೆಪೆಷಾಜ್ ಸೇರಿಸಿದರೆ 19, ಎಲ್ಲರಿಗೂ ಎರಡನೇ ಅವಕಾಶ ಕೊಟ್ಟು ಮೂರನೇ ಸ್ಥಾನದವರೆಗೆ ಆಡಿಸಿದರೆ 28 ಬೇಕಾಗುತ್ತವೆ. ಅಮೆರಿಕದಲ್ಲಿ ತೂಕಕ್ಕೆ 33 ಮಂದಿ, ಎಂಟನೇ ಸ್ಥಾನದವರೆಗೂ ನಿರ್ಣಯ, ಹತ್ತು ತೂಕಗಳಿಗೆ ಸೇರಿ 640 ಕುಸ್ತಿ. ಅವರು ಅದನ್ನು ಮೂರು ದಿನಗಳಲ್ಲಿ, ಹಲವು ಮ್ಯಾಟ್‌ಗಳ ಮೇಲೆ ಮುಗಿಸುತ್ತಾರೆ.

ಕಬಡ್ಡಿ ಅಭಿಮಾನಿ, ಕುಮಟಾ:

ಕ್ಷಮಿಸಿ, ಕುಸ್ತಿಯ ಬಗ್ಗೆ ನನಗೆ ಅಷ್ಟು ತಿಳಿಯದು. ಆದರೂ ಕೇಳುತ್ತೇನೆ: ಸೋತವರಿಬ್ಬರ ಕುಸ್ತಿಯನ್ನು ಕುಳಿತು ನೋಡುವವರು ಯಾರು? ನಮ್ಮ ಕರಾವಳಿಯಲ್ಲಿ ಫೈನಲ್‌ಗೇ ಜನ ಸೇರಿಸಲು ಧ್ವನಿವರ್ಧಕ ಕಟ್ಟಿಕೊಂಡು ಕೂಗಬೇಕು.

ಕೋಡಿಬಾಗದ ಪ್ರೇಕ್ಷಕ, ಕಾರವಾರ:

ಅಲ್ಲಿ ಅತಿ ಹೆಚ್ಚು ಕೂಗು ಕೇಳುವ ಸುತ್ತುಗಳಲ್ಲಿ ಒಂದು ಸೋತವರದ್ದೇ ಎಂದರೆ ನಂಬುತ್ತೀರಾ? ಕೆಳಗಿನ ಪಟ್ಟಿಯಲ್ಲಿ ಒಂದು ಸುತ್ತಿಗೆ ಅಭಿಮಾನಿಗಳು ‘ಬ್ಲಡ್ ರೌಂಡ್’ ಎಂದು ಹೆಸರಿಟ್ಟಿದ್ದಾರೆ. ಆ ಕುಸ್ತಿ ಗೆದ್ದವನು ಮೊದಲ ಎಂಟರೊಳಗೆ ಬಂದು ‘ಆಲ್ ಅಮೆರಿಕನ್’ ಎಂಬ ಗೌರವ ಪಡೆಯುತ್ತಾನೆ, ಆ ಹೆಸರು ಜೀವಮಾನವಿಡೀ ಅವನೊಂದಿಗೆ ಇರುತ್ತದೆ. ಸೋತವನಿಗೆ ಏನೂ ಇಲ್ಲ. ಕಾಲೇಜಿನ ಕೊನೆಯ ವರ್ಷದಲ್ಲಿರುವ ಹುಡುಗ ಆ ಸುತ್ತಿನಲ್ಲಿ ಸೋತು, ತಲೆಯ ಕಿವಿಪಟ್ಟಿಯನ್ನು ಬಿಚ್ಚಿ ಕೈಯಲ್ಲಿ ಹಿಡಿದು, ಮ್ಯಾಟಿನ ಅಂಚಿನಲ್ಲೇ ಕುಳಿತುಬಿಡುವುದನ್ನು ನೋಡಿದವರು ಸೋಲಿಗೆ ಅಲ್ಲಿ ಬೆಲೆ ಇಲ್ಲವೆಂದು ಹೇಳಲಾರರು. ಉಸ್ತಾದರೇ, ಇದು ನಿಮಗೂ ಉತ್ತರ.

ಮೊದಲ ಕುಸ್ತಿಗೆ ಜೀವ ಹಾಕುವುದಿಲ್ಲ ಎಂಬ ಆಕ್ಷೇಪಕ್ಕೆ ಅಂಕಪದ್ಧತಿಯಲ್ಲೇ ಪರಿಹಾರವಿದೆ. ಮೇಲಿನ ಪಟ್ಟಿಯ ಗೆಲುವಿಗೆ ತಂಡಕ್ಕೆ ಒಂದು ಅಂಕ, ಕೆಳಗಿನ ಪಟ್ಟಿಯ ಗೆಲುವಿಗೆ ಅರ್ಧ. ಚಾಂಪಿಯನ್‌ಗೆ ಸ್ಥಾನದ ಅಂಕ 16, ಮೂರನೆಯವನಿಗೆ 10, ಎಂಟನೆಯವನಿಗೆ 3. ಚಿತ್ ಮಾಡಿದರೆ ಮೇಲೆ ಇನ್ನೆರಡು. ಹೀಗಾಗಿ ಏಳನೇ ಸ್ಥಾನಕ್ಕಾಗಿ ಆಡುವವನೂ ಚಿತ್ ಮಾಡಲೆಂದೇ ನುಗ್ಗುತ್ತಾನೆ. ಅವನ ಅಂಕ ಅವನೊಬ್ಬನದಲ್ಲ, ಕಾಲೇಜಿನದು.

ಓದುಗಿ, ಅಂಕೋಲಾ:

ನೀವೆಲ್ಲ ಪದಕದ ಲೆಕ್ಕ ಮಾಡುತ್ತಿದ್ದೀರಿ, ನಾನು ಬಸ್ಸಿನ ಲೆಕ್ಕ ಹೇಳುತ್ತೇನೆ. ನನ್ನ ತಂಗಿ ಪದವಿಯ ಎರಡನೇ ವರ್ಷದಲ್ಲಿ ಧಾರವಾಡದ ಕಡೆ ನಡೆದ ಒಂದು ಅಂತರ ಕಾಲೇಜು ಕುಸ್ತಿಗೆ ಹೋಗಿದ್ದಳು. ಹಿಂದಿನ ದಿನವೇ ಹೊರಟು ಅರಬೈಲು ಘಟ್ಟ ಹತ್ತಿ, ಯಲ್ಲಾಪುರ, ಕಲಘಟಗಿ ದಾಟಿ ಹೋಗಿ, ತೂಕ ಹೆಚ್ಚಾಗುತ್ತದೆಂಬ ಭಯದಿಂದ ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಒಣಗಿದ ತುಟಿಯಲ್ಲಿ ತೂಕ ಕೊಟ್ಟಳು. ಎದುರು ಬಂದವಳು ಹಿಂದಿನ ವರ್ಷದ ವಿಜೇತೆ. ಎರಡು ನಿಮಿಷದೊಳಗೆ ಹತ್ತು ಅಂಕಗಳ ಅಂತರವಾಗಿ ಕುಸ್ತಿ ನಿಂತಿತು. ಆಮೇಲೆ ಸಂಜೆಯವರೆಗೆ ಬೇರೆಯವರ ಚೀಲ ಕಾಯುತ್ತ ಕುಳಿತಿದ್ದಳಂತೆ. ಮರುವರ್ಷ ಅವಳು ಹೋಗಲಿಲ್ಲ.

ಕರಾವಳಿಯ ಹುಡುಗಿಯರಿಗೆ ಕುಸ್ತಿ ಹಿಡಿಯಲು ಜೋಡಿಯೇ ಸಿಗುವುದಿಲ್ಲ. ಹಳಿಯಾಳದಲ್ಲಿ ಕುಸ್ತಿಯ ಕ್ರೀಡಾ ವಸತಿನಿಲಯವಿದೆ, ಅಲ್ಲಿಯ ಮಕ್ಕಳಿಗೆ ದಿನಾ ಜೋಡಿ ಸಿಗುತ್ತದೆ. ಘಟ್ಟದ ಕೆಳಗಿನವರಿಗೆ ವರ್ಷಕ್ಕೊಮ್ಮೆ ಸಿಗುವ ಟೂರ್ನಿಯೇ ಅಭ್ಯಾಸ. ಅದೂ ಎರಡು ನಿಮಿಷಕ್ಕೆ ಮುಗಿದರೆ ಕಲಿಯುವುದು ಯಾವಾಗ? ಅಮೆರಿಕದಲ್ಲಿಯೂ ಮಹಿಳೆಯರ ಕುಸ್ತಿಗೆ ಎನ್‌ಸಿಎಎ ಚಾಂಪಿಯನ್‌ಷಿಪ್‌ನ ಮಾನ್ಯತೆ ಸಿಕ್ಕಿದ್ದು 2025ರ ಜನವರಿಯಲ್ಲಿ. ನಾವು ಅಷ್ಟು ಕಾಯಬೇಕಾಗಿಲ್ಲ.

ಹಳೇ ಪೈಲ್ವಾನ, ಮೂಲ ಹಳಿಯಾಳ, ಈಗ ಶಿರಸಿ:

ತಂಗೀ, ನಿನ್ನ ಮಾತಿಗೆ ನನ್ನ ಬಳಿ ಎದುರುಪಟ್ಟು ಇಲ್ಲ. ಕಲಿಯುವವರಿಗೆ ಎರಡನೇ ಕುಸ್ತಿ ಕೊಡಲಿ. ಆದರೆ ತಂಡದ ಅಂಕದ ಆಸೆಗೆ ಗಾಯಗೊಂಡ ಹುಡುಗನನ್ನು ‘ಅರ್ಧ ಅಂಕ ಬರುತ್ತದೆ, ಇಳಿ’ ಎಂದು ತಳ್ಳುವ ಮೇಷ್ಟ್ರುಗಳು ಎಲ್ಲ ಕಡೆ ಇದ್ದಾರೆ, ಅವರಿಗೆ ಲಗಾಮು ಯಾರು ಹಾಕುತ್ತಾರೆ? ಎರಡು ಕುಸ್ತಿಗಳ ನಡುವೆ ಇಂತಿಷ್ಟು ವಿಶ್ರಾಂತಿ ಎಂದು ಬರೆದಿಡದೆ, ಕಣದ ಬದಿಯಲ್ಲಿ ವೈದ್ಯರಿಲ್ಲದೆ, ಇದನ್ನು ಆರಂಭಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಊಟ ಬಿಟ್ಟು ತೂಕ ಕೊಟ್ಟ ವಿಷಯವೂ ಸಣ್ಣದಲ್ಲ. ಅಂಥ ಮೈಗೆ ಒಂದು ಕುಸ್ತಿಯೇ ಹೆಚ್ಚು.

ದೈಹಿಕ ಶಿಕ್ಷಣ ಉಪನ್ಯಾಸಕ, ಶಿರಸಿ:

ತೂಕದ ವಿಷಯದಲ್ಲಿ ಉಸ್ತಾದರು ಹೇಳಿದ್ದು ನೂರಕ್ಕೆ ನೂರು ಸರಿ. 1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತರಾತುರಿಯಲ್ಲಿ ತೂಕ ಇಳಿಸಲು ಹೋಗಿ ವಾರಗಳ ಅಂತರದಲ್ಲಿ ಸತ್ತರು. ಆ ಬಳಿಕವೇ ಅಲ್ಲಿ ಮೈಯ ನೀರಿನಂಶ ಪರೀಕ್ಷಿಸಿ ಪ್ರತಿಯೊಬ್ಬನ ಕನಿಷ್ಠ ತೂಕ ನಿಗದಿ ಮಾಡುವ ನಿಯಮ ಬಂತು. ಕುಸ್ತಿಗೆ ಹೆಚ್ಚು ಮುಂಚೆ ತೂಕ ತೆಗೆದುಕೊಳ್ಳುವುದನ್ನೂ ನಿಲ್ಲಿಸಿದರು. ಪ್ಯಾರಿಸ್‌ನಲ್ಲಿ ವಿನೇಶ್ ಫೋಗಟ್ 100 ಗ್ರಾಂ ಹೆಚ್ಚಾಗಿ ಅನರ್ಹರಾದಾಗ ನಾವೆಲ್ಲ ನಿಯಮವನ್ನು ಬೈದೆವು. ಆದರೆ ನಮ್ಮ ಕಾಲೇಜುಗಳಲ್ಲಿ ಸ್ವೆಟರ್ ಹಾಕಿಕೊಂಡು ಓಡಿ ಬೆವರಿಳಿಸುವವರನ್ನು ತಡೆಯುವ ನಿಯಮ ನಾನು ಕಂಡಿಲ್ಲ.

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ನಮ್ಮ ಅಂತರ ಕಾಲೇಜು ಕುಸ್ತಿಯಲ್ಲಿ ಎಷ್ಟೋ ತೂಕಗಳಿಗೆ ಎಂಟು ಮಂದಿ ಬಂದರೆ ಹೆಚ್ಚು. ಐದು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅಂತರರಾಷ್ಟ್ರೀಯ ನಿಯಮದಂತೆಯೇ ಎಲ್ಲರೂ ಎಲ್ಲರೊಡನೆ ಆಡುತ್ತಾರೆ, ಅಲ್ಲಿ ಸಮಸ್ಯೆಯೇ ಇಲ್ಲ. ಎಂಟು ಮಂದಿ ಇದ್ದಾಗ ನಾಕೌಟ್‌ಗೆ 7 ಕುಸ್ತಿ, ಎಲ್ಲರಿಗೂ ಎರಡನೇ ಅವಕಾಶ ಕೊಟ್ಟರೆ 12. ಹೆಚ್ಚುವರಿ ಐದೇ ಕುಸ್ತಿ. ಒಂದಕ್ಕೆ ಹತ್ತು ನಿಮಿಷ ಹಿಡಿದರೂ ತೂಕವೊಂದಕ್ಕೆ ಐವತ್ತು ನಿಮಿಷ. ಅದರ ಫಲವಾಗಿ ಘಟ್ಟ ಹತ್ತಿ ಬಂದ ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಕುಸ್ತಿ ಸಿಗುತ್ತವೆ. ತಂಡದ ಅಂಕಕ್ಕೆ ಇವನ್ನು ಸೇರಿಸುವುದು ಬೇಡ. ಆಗ ಉಸ್ತಾದರ ಆತಂಕಕ್ಕೂ ಉತ್ತರ ಸಿಗುತ್ತದೆ.

ಕೋಡಿಬಾಗದ ಪ್ರೇಕ್ಷಕ, ಕಾರವಾರ:

ಅಂಕ ತೆಗೆದರೆ ಅದರ ಜೀವವೇ ಹೋಯಿತು, ಸರ್. ಪೆನ್ ಸ್ಟೇಟ್‌ನ ಹುಡುಗರು ಮೂರನೇ ಸ್ಥಾನಕ್ಕೆ ಹಾಗೆ ಹೋರಾಡಿದ್ದು ಅದು ತಂಡದ ಲೆಕ್ಕಕ್ಕೆ ಸೇರುತ್ತದೆ ಎಂಬ ಕಾರಣಕ್ಕೆ. ಅಂಕವಿಲ್ಲದ ಎರಡನೇ ಕುಸ್ತಿಯನ್ನು ನಮ್ಮ ಕಾಲೇಜುಗಳು ವಾಪಸ್ ಬಸ್ಸಿನ ನೆಪ ಹೇಳಿ ಬಿಟ್ಟುಕೊಡುತ್ತವೆ, ಬರೆದಿಟ್ಟುಕೊಳ್ಳಿ.

ಕಬಡ್ಡಿ ಅಭಿಮಾನಿ, ಕುಮಟಾ:

ಮ್ಯಾಟ್ ಎಷ್ಟಿವೆ ಎಂದು ಯಾರೂ ಹೇಳಲಿಲ್ಲವಲ್ಲ? ಹತ್ತು ತೂಕಕ್ಕೆ ಐವತ್ತು ನಿಮಿಷದಂತೆ ಹಿಡಿದರೆ ಎಂಟು ತಾಸು ಮೀರುತ್ತದೆ.

ದೈಹಿಕ ಶಿಕ್ಷಣ ಉಪನ್ಯಾಸಕ, ಶಿರಸಿ:

ಸಾಮಾನ್ಯವಾಗಿ ಒಂದೇ ಮ್ಯಾಟ್. ಆದ್ದರಿಂದ ಈ ವರ್ಷ ಹೆಚ್ಚು ಮಂದಿ ಬರುವ ಎರಡು ತೂಕಗಳಿಗೆ, ಪುರುಷರ 57 ಮತ್ತು 65 ಕಿಲೊಗೆ, ಹಾಗೂ ಮಹಿಳೆಯರ ಒಂದು ತೂಕಕ್ಕೆ ಮಾತ್ರ ಇದನ್ನು ಕೇಳೋಣ. ಅಂಕದ ವಿಷಯದಲ್ಲಿ ಕೋಡಿಬಾಗದವರ ಮಾತು ಯೋಚಿಸುವಂಥದ್ದೇ, ಅರ್ಧ ಅಂಕವೆಂದು ಬರೆದು, ಜೊತೆಗೆ ವಿಶ್ರಾಂತಿಯ ಅವಧಿ ಮತ್ತು ವೈದ್ಯರ ಷರತ್ತನ್ನೂ ಸೇರಿಸಿ ಮನವಿಯ ಕರಡು ಮಾಡುತ್ತೇನೆ. ಉಸ್ತಾದರು ಓದಿ ತಿದ್ದಿಕೊಡಬೇಕು.