ನೊಯ್‌ಶ್ಟಾಟ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಫಲಕದಕೆಲಸ:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಫೋಟೊ ಪ್ರದರ್ಶನ ಇದೆ. ಫ್ರಾನ್ಸ್‌ನ ಪೂರ್ವದ ಗಡಿಯಲ್ಲಿರುವ ಸ್ಟ್ರಾಸ್‌ಬರ್ಗ್ ಊರಿನ ಕಟ್ಟಡಗಳು. ಫಲಕಗಳ ಕನ್ನಡ ನನ್ನ ಪಾಲಿಗೆ ಬಂದಿದೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

1) 1871ರಲ್ಲಿ ಊರು ಜರ್ಮನಿಯ ಕೈಗೆ ಹೋಯಿತಲ್ಲ, ಆಮೇಲೆ ಹಳೇ ಊರಿಗೆ ಅಂಟಿಕೊಂಡಂತೆ ಕಟ್ಟಿಸಿದ ಭಾಗ. ಚಕ್ರವರ್ತಿಯ ಅರಮನೆ, ವಿಶ್ವವಿದ್ಯಾಲಯ, ದೊಡ್ಡ ಗ್ರಂಥಾಲಯ ಎಲ್ಲ ಅಲ್ಲೇ ಇವೆ. ಹೆಸರು ನೊಯ್‌ಶ್ಟಾಟ್, ಅಂದರೆ ಹೊಸ ಊರು. 'ಹೊಸಪೇಟೆ' ಅಂತ ಹಾಕಿದರೆ ಜನ ತುಂಗಭದ್ರಾ ಡ್ಯಾಂ ಎಲ್ಲಿ ಅಂತ ಕೇಳುತ್ತಾರೆ.

2) ಹಳೇ ಊರಿನ ಮನೆಗಳು. ಮರದ ತೊಲೆಗಳ ಚೌಕಟ್ಟು ಹೊರಗೇ ಕಾಣುತ್ತದೆ, ಸಂದಿಗಳಲ್ಲಿ ಮಣ್ಣು ಮೆತ್ತಿ ಸುಣ್ಣ ಬಳಿದಿರುತ್ತಾರೆ. ಜರ್ಮನ್‌ನಲ್ಲಿ ಫಾಖ್‌ವೆರ್ಕ್, ಫ್ರೆಂಚ್‌ನಲ್ಲಿ ಕೊಲೊಂಬಾಜ್. ಇಂಗ್ಲಿಷ್ ನೋಡಿಕೊಂಡು ಯಾರೋ 'ಅರೆಮರದ ಮನೆ' ಅಂತ ಕೊಟ್ಟಿದ್ದಾರೆ. ಇನ್ನರ್ಧ ಏನು ಅಂತ ಕೇಳಿದರೆ ನಾನೇನು ಹೇಳಲಿ?

ಒಂದೊಂದು ಫಲಕಕ್ಕೆ ಜಾಗ ಎರಡೇ ಸಾಲು.

ಅಚ್ಚಗನ್ನಡ:

'ಹೊಸೂರು' ಎನ್ನಿ. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಎರಡನೆಯದಕ್ಕೆ 'ಮರಗಟ್ಟು ಮನೆ'. ಊರಿನ ಹೆಸರನ್ನೂ ಕನ್ನಡಿಸಬಹುದು. ಶ್ಟ್ರಾಸೆ ಎಂದರೆ ದಾರಿ, ಬುರ್ಗ್ ಎಂದರೆ ಕೋಟೆ. 'ದಾರಿಕೋಟೆ'. ಎಶ್ಟು ಸೊಗಸಾಗಿದೆ ನೋಡಿ. ಹೊರನುಡಿಯ ಹೆಸರುಗಳನ್ನು ಹಾಗೇ ಎತ್ತಿಕೊಂಡು ಬರುವುದು ಬರೀ ಸೋಮಾರಿತನ.

ದಂಡುಪೇಟೆ:

ಹೊಸೂರೂ ಗಡಿಯಾಚೆಯೇ ಇದೆ ಸ್ವಾಮಿ, ಅತ್ತಿಬೆಲೆ ದಾಟಿದರೆ ಸಾಕು.

ಮೇಡಂ, 'ಬಡಾವಣೆ' ಅನ್ನಿ. ಆ ಕಾಲದ ಜರ್ಮನ್ ಕಾಗದಗಳಲ್ಲಿ ಆ ಕೆಲಸಕ್ಕೆ ಇದ್ದ ಹೆಸರೇ 'ಊರಿನ ವಿಸ್ತರಣೆ'. ಹಳೇ ಊರಿನ ಹೊರಗೆ ನಕ್ಷೆ ಹಾಕಿ, ರಸ್ತೆ ಎಳೆದು, ಸೈಟು ಮಾಡಿ ಮಾರಿದ್ದಕ್ಕೆ ನಮ್ಮಲ್ಲಿ ಬಡಾವಣೆ ಅಂತಲೇ ಅನ್ನುವುದು. 1890ರ ದಶಕದಲ್ಲಿ ಬಸವನಗುಡಿ, ಮಲ್ಲೇಶ್ವರ ಹುಟ್ಟಿದ್ದು ಹಾಗೆಯೇ ಅಲ್ವಾ? ಹೆಚ್ಚು ಕಡಿಮೆ ಒಂದೇ ಕಾಲ.

ಅಚ್ಚಗನ್ನಡ:

ಬಡಾವಣೆ ಕನ್ನಡವಲ್ಲ. ಬಡಗಣದಿಂದ ಬಂದದ್ದು.

ರೈನ್‌ದಂಡೆ:

ನಾನು ಇರುವುದು ರೈನ್ ನದಿಯ ಈಚೆ, ಜರ್ಮನಿಯ ಕಡೆ. 2017ರಿಂದ ಸ್ಟ್ರಾಸ್‌ಬರ್ಗ್‌ನ ಟ್ರ್ಯಾಮ್ ರೈನ್ ದಾಟಿ ಕೇಲ್ ಊರಿಗೆ ಬರುತ್ತದೆ. ಹಾಗಾಗಿ ಅಲ್ಲಿಗೆ ಹೋಗಿಬರುವುದು ಜಾಸ್ತಿ.

ಹೆಸರನ್ನು ಅನುವಾದ ಮಾಡಲೇಬೇಡಿ. ಕಾರಣ ಇದೆ. ಫ್ರೆಂಚರೇ ಮಾಡಿಲ್ಲ. ಎಷ್ಟೋ ಕಾಲ ಅವರು ಅದನ್ನು 'ಜರ್ಮನ್ನರ ಕೇರಿ' ಅಂತ ಕರೆಯುತ್ತಿದ್ದರು. ಅದರಲ್ಲಿ ಪ್ರೀತಿ ಅಷ್ಟಕ್ಕಷ್ಟೇ. ಭಾರ, ಅಬ್ಬರ, ಗೆದ್ದವರ ಕಟ್ಟಡ ಅಂತ ಮೂಗು ಮುರಿಯುವವರು ಬೇಕಾದಷ್ಟು ಜನ ಇದ್ದರು. ಚಕ್ರವರ್ತಿಯ ಅರಮನೆಯನ್ನು (ಈಗ ಅದು ರೈನ್ ಅರಮನೆ) ಕೆಡವಿಬಿಡಿ ಅನ್ನುವ ಮಾತೂ ಬಂದಿತ್ತು. ಈಗ ನೋಡಿ. ಹಳೇ ಊರಿನ ನಡುಗಡ್ಡೆ, ಗ್ರಾಂದ್ ಈಲ್, 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. 2017ರಲ್ಲಿ ಈ ಹೊಸ ಭಾಗವನ್ನೂ ಸೇರಿಸಿದರು. ಪಟ್ಟಿಯಲ್ಲಿರುವ ಹೆಸರು 'ಸ್ಟ್ರಾಸ್‌ಬರ್ಗ್: ಗ್ರಾಂದ್ ಈಲ್ ಮತ್ತು ನೊಯ್‌ಶ್ಟಾಟ್'. ಒಂದು ಫ್ರೆಂಚ್, ಒಂದು ಜರ್ಮನ್, ಪಕ್ಕಪಕ್ಕದಲ್ಲಿ. ಫ್ರಾನ್ಸ್ ತಾನೇ ಕೊಟ್ಟ ಅರ್ಜಿಯಲ್ಲಿ ಜರ್ಮನ್ ಹೆಸರು ಉಳಿಸಿಕೊಂಡಿದೆ. ಅದನ್ನು ನೀವು 'ಹೊಸೂರು' ಮಾಡಿದರೆ ಅಷ್ಟೂ ಅಳಿಸಿಹೋಯಿತು.

ಇನ್ನೊಂದು ಮಾತು. ಫಲಕದಲ್ಲಿ 'ಜರ್ಮನ್ ಶೈಲಿಯ' ಅಂತ ಸುಮ್ನೆ ಬರೆಯಬೇಡಿ. 1880ರಲ್ಲಿ ಒಪ್ಪಿಗೆಯಾದ ನಕ್ಷೆ ಕೊನ್‌ರಾತ್ ಅವರದ್ದು. ಅವರು ಅದೇ ಊರಿನವರು, ಫ್ರೆಂಚರ ಕಾಲದಿಂದಲೂ ನಗರದ ವಾಸ್ತುಶಿಲ್ಪಿ. ಬರ್ಲಿನ್‌ನಿಂದ ಬಂದ ಓರ್ಟ್ ಅವರ ನಕ್ಷೆಯೂ ಎದುರಿಗಿತ್ತು. ಆ ಅಗಲ ರಸ್ತೆಗಳಲ್ಲಿ ನಡೆದರೆ ಪ್ಯಾರಿಸ್ ನೆನಪಾಗದೆ ಇರುವುದಿಲ್ಲ. ಅದರ ಮೇಲೆ ಎದ್ದ ಕಟ್ಟಡಗಳು ಮಾತ್ರ ಬರ್ಲಿನ್ ಗತ್ತಿನವು. ಎಗ್ಗರ್ಟ್ ಕಟ್ಟಿದ ಅರಮನೆ 1888ರಲ್ಲಿ ಮುಗಿಯಿತು, ವಾರ್ಟ್ ಕಟ್ಟಿದ ವಿಶ್ವವಿದ್ಯಾಲಯ 1884ರಲ್ಲಿ. ನಕ್ಷೆ ಒಬ್ಬರದ್ದು, ಮುಖ ಇನ್ನೊಬ್ಬರದ್ದು. ಯಾವುದನ್ನು ಜರ್ಮನ್ ಅನ್ನುತ್ತೀರಿ?

ಅಚ್ಚಗನ್ನಡ:

ರಾಜಕೀಯ ಬೇಡ. ಇಲ್ಲಿ ಪದ ಕೇಳಿದ್ದಾರೆ. ಒಂದು ಪದಕ್ಕೆ ಒಂದು ಅರ್ತ. 'ಹೊಸ' + 'ಊರು'. ಆ ನುಡಿಯವರು ತಮ್ಮ ನುಡಿಯಲ್ಲೇ ಹೆಸರಿಟ್ಟುಕೊಂಡರು. ನಾವು ಯಾಕೆ ನಮ್ಮ ನುಡಿಯಲ್ಲಿ ಹೇಳಬಾರದು?

ಹೆಂಚಿನಮನೆ:

ಆ ನುಡಿಯವರು ತಮ್ಮ ನುಡಿಯಲ್ಲೇ ಇಟ್ಟುಕೊಂಡರಾ? ಶ್ಟ್ರಾಸೆ ಜರ್ಮನ್ ಅಲ್ಲ ಮಾರಾಯರೇ. ಲ್ಯಾಟಿನ್‌ನ 'ಸ್ಟ್ರಾಟಾ', ಕಲ್ಲು ಹಾಸಿದ ದಾರಿ. ರೋಮನ್ನರ ರಸ್ತೆಯ ಜೊತೆಗೆ ಪದವನ್ನೂ ಜರ್ಮನ್ನರು ಎತ್ತಿಕೊಂಡರು. ನಿಮ್ಮ ದಾರಿಕೋಟೆಯ ಮೊದಲ ಕಲ್ಲೇ ಎರವಲು. ಅರ್ಥವನ್ನು 'ಅರ್ತ' ಅಂತ ಬರೆದು ಮಹಾಪ್ರಾಣ ಬಿಟ್ಟಿರಿ, ಲ್ಯಾಟಿನ್ ಬಿಡಲಿಲ್ಲ.

ಮೂಲ ಹುಡುಕುವ ಹುಚ್ಚು ಆ ಊರಿಗೂ ಹಳೆಯದು. 1772ರಲ್ಲಿ ಜರ್ಮನ್ ಕವಿ ಗಯಟೆ ಅಲ್ಲಿನ ಕತೀಡ್ರಲನ್ನು, ಅಂದರೆ ದೊಡ್ಡ ಚರ್ಚನ್ನು, ಹೊಗಳಿ, ಇದು ಅಪ್ಪಟ ಜರ್ಮನ್ ಕಟ್ಟಡಕಲೆ ಅಂತ ಬರೆದರು. ಆದರೆ ಅದನ್ನು ಕಟ್ಟಿದ ಗೊಥಿಕ್ ರೀತಿ ಹುಟ್ಟಿದ್ದು 12ನೇ ಶತಮಾನದಲ್ಲಿ, ಪ್ಯಾರಿಸ್‌ನ ಆಸುಪಾಸಿನಲ್ಲಿ. 142 ಮೀಟರ್ ಎತ್ತರದ ಆ ಗೋಪುರ 1439ರಲ್ಲಿ ಮುಗಿದಾಗ ಊರು ಫ್ರಾನ್ಸ್‌ಗೂ ಸೇರಿರಲಿಲ್ಲ. ಹದಿನಾಲ್ಕನೇ ಲೂಯಿ ಅದನ್ನು ಹಿಡಿದದ್ದು 1681ರಲ್ಲಿ. ಕಲ್ಲು ಮಾತ್ರ ಹತ್ತಿರದ ವೋಜ್ ಬೆಟ್ಟದ ಕೆಂಪು ಮರಳುಗಲ್ಲು.

ಮೇಡಂ, ಎರಡನೆಯದಕ್ಕೆ ನಮ್ಮಲ್ಲೇ ಪದ ಉಂಟು. 'ತಡಿಕೆ'. ಕೋಲು, ಬಿದಿರು ಹೆಣೆದು ಮಣ್ಣು ಮೆತ್ತಿದ ಗೋಡೆ. ಅಲ್ಲಿಯ ಹಳೇ ಮನೆಗಳಲ್ಲೂ ತೊಲೆಗಳ ನಡುವೆ ಮಾಡಿದ್ದು ಅದನ್ನೇ. 'ಮರದ ಚೌಕಟ್ಟಿನ ತಡಿಕೆಗೋಡೆ ಮನೆ' ಅಂತ ಬರೆಯಿರಿ, ಉದ್ದ ಆಯಿತು ಅನಿಸಿದರೆ 'ತೊಲೆಕಟ್ಟಿನ ಮನೆ'.

ಆ ಮನೆಗಳು ಜಾಸ್ತಿ ಇರುವ ಕೇರಿಯ ಹೆಸರು 'ಪತೀತ್ ಫ್ರಾಂಸ್', ಪುಟ್ಟ ಫ್ರಾನ್ಸ್. ನೋಡಿದರೆ ಪೂರ್ತಿ ಜರ್ಮನ್ ಊರಿನಂತೆ ಕಾಣುತ್ತದೆ. ಹೆಸರು ಬಂದದ್ದು ದೇಶಪ್ರೇಮದಿಂದ ಅಲ್ಲ. 15ನೇ ಶತಮಾನದ ಕೊನೆಯಲ್ಲಿ ಅಲ್ಲಿ ಸಿಫಿಲಿಸ್ ರೋಗಿಗಳಿಗೆ ಒಂದು ಆಸ್ಪತ್ರೆ ಇತ್ತು. ಜರ್ಮನ್ ಮಾತಿನವರಿಗೆ ಅದು 'ಫ್ರೆಂಚರ ರೋಗ'. ಇದನ್ನು ಫಲಕದಲ್ಲಿ ಹಾಕಿ, ಜನ ನಿಂತು ಓದುತ್ತಾರೆ.

ಮತ್ತೆ ಹೆಂಚಿನ ವಿಷಯ. ಒಂದಕ್ಕೊಂದು ಕಚ್ಚಿಕೊಳ್ಳುವ ಯಂತ್ರದ ಹೆಂಚಿಗೆ ಜಿಲಾರ್ದೊನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದದ್ದು ಸ್ಟ್ರಾಸ್‌ಬರ್ಗ್ ಇರುವ ಅದೇ ಅಲ್ಸಾಸ್ ಸೀಮೆಯ ಆಲ್ಟ್‌ಕಿರ್ಖ್‌ನಲ್ಲಿ. ಅಲ್ಲಿಂದ ಸ್ವಿಟ್ಜರ್ಲೆಂಡ್‌ನ ಬಾಸೆಲ್ ಏನೂ ದೂರವಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಈಗ ಅದಕ್ಕೆ 'ಮಂಗಳೂರು ಹೆಂಚು' ಅಂತ ಹೆಸರು. ಅದೂ ಕನ್ನಡ ಅಲ್ಲ ಅನ್ನುತ್ತೀರಾ?

ಅಚ್ಚಗನ್ನಡ:

ಹೆಂಚು ಕನ್ನಡವೇ. ಕಾರ್ಕಾನೆ ಅಲ್ಲ. ತಡಿಕೆ ಒಪ್ಪಿದೆ.

ದಂಡುಪೇಟೆ:

ಕಾರ್ಖಾನೆ ಪಾರಸಿ, ಸಾಬೂನೂ ಹೊರಗಿನದು, ಅಲಮಾರು ಪೋರ್ಚುಗೀಸರ ಕಡೆಯದು. ಎಲ್ಲ ತೆಗೆದರೆ ಮನೆಯಲ್ಲಿ ಸ್ನಾನವೂ ಇಲ್ಲ, ಬಟ್ಟೆ ಇಡಲು ಜಾಗವೂ ಇಲ್ಲ.

ಫಲಕದಕೆಲಸ:

ದಯವಿಟ್ಟು ಎರವಲಿನ ಜಗಳ ನಾಡಿದ್ದಿಗೆ ಇಟ್ಟುಕೊಳ್ಳಿ. ಊರಿನ ಹೆಸರು ಹೇಗೆ ಬರೆಯಲಿ, ಅದನ್ನು ಹೇಳಿ. ಸ್ಟ್ರಾಸ್‌ಬರ್ಗ್, ಸ್ತ್ರಾಸ್‌ಬೂರ್, ಶ್ಟ್ರಾಸ್‌ಬುರ್ಕ್, ಮೂರೂ ಕೈಗೆ ಬಂದಿವೆ.

ರೈನ್‌ದಂಡೆ:

ನಾಲ್ಕನೆಯದೂ ಇದೆ. ಆ ಸೀಮೆಯ ಮನೆಮಾತು ಅಲ್ಸೇಶಿಯನ್‌ನಲ್ಲಿ 'ಶ್ಟ್ರೋಸ್‌ಬುರಿ'. ಹಳೇ ಊರಿನ ಬೀದಿ ಫಲಕಗಳಲ್ಲಿ ಫ್ರೆಂಚ್ ಹೆಸರಿನ ಕೆಳಗೆ ಅಲ್ಸೇಶಿಯನ್ ಹೆಸರೂ ಇರುತ್ತದೆ.

ನನ್ನ ಕೇಳಿದರೆ ಸ್ಟ್ರಾಸ್‌ಬರ್ಗ್ ಸಾಕು. ಅದು ಯಾರ ಉಚ್ಚಾರಣೆಯೂ ಅಲ್ಲ, ಅದೇ ಅನುಕೂಲ. ಹೆಸರು ಬದಲಾಯಿಸಿ ಬದಲಾಯಿಸಿ ಆ ಊರಿಗೆ ಸಾಕಾಗಿದೆ. ಅರಮನೆ ಎದುರಿನ ಮೈದಾನ ಕೈಸರ್‌ಪ್ಲಾಟ್ಸ್ (ಚಕ್ರವರ್ತಿ ಚೌಕ) ಆಗಿತ್ತು, ಈಗ ಗಣರಾಜ್ಯ ಚೌಕ. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗುವ ಕೈಸರ್ ವಿಲ್‌ಹೆಲ್ಮ್ ಬೀದಿ ಈಗ ಸ್ವಾತಂತ್ರ್ಯ ಬೀದಿ. ಹಳೇ ಊರನ್ನು ಸೀಳಿಕೊಂಡು ದೊಡ್ಡ ರಸ್ತೆ ತೆಗೆಯಲು ಜರ್ಮನ್ನರು 1910ರ ಹೊತ್ತಿಗೆ ಕೈ ಹಾಕಿದರು. ಕೆಲಸ ಮುಂದುವರಿಸಿದ್ದು ಫ್ರೆಂಚರು. ಅದರ ಒಂದು ಭಾಗಕ್ಕೆ ಅವರು ಇಟ್ಟ ಹೆಸರು 'ನವೆಂಬರ್ 22 ಬೀದಿ', 1918ರಲ್ಲಿ ತಮ್ಮ ಸೇನೆ ಊರಿಗೆ ಬಂದ ದಿನ. 1940ರಲ್ಲಿ ನಾತ್ಸಿಗಳು ಬಂದು ಹೆಸರುಗಳನ್ನೆಲ್ಲ ತಿರುಗಿಸಿದರು. 1944ರ ನವೆಂಬರಿನಲ್ಲಿ ಮತ್ತೆ ಫ್ರೆಂಚ್.

ಗಣರಾಜ್ಯ ಚೌಕದ ಫೋಟೊ ಇದ್ದರೆ ಅಲ್ಲಿನ ಯುದ್ಧಸ್ಮಾರಕವನ್ನು ಬಿಡಬೇಡಿ. 1936ರದ್ದು. ತಾಯಿಯ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಮಕ್ಕಳು. ಮೈಮೇಲೆ ಸಮವಸ್ತ್ರ ಇಲ್ಲ. ಬೇರೆ ಊರುಗಳಲ್ಲಿ 'ಫ್ರಾನ್ಸ್‌ಗಾಗಿ ಮಡಿದವರಿಗೆ' ಅಂತ ಕೆತ್ತುತ್ತಾರೆ. ಇಲ್ಲಿ 'ನಮ್ಮ ಮಡಿದವರಿಗೆ' ಅಂತ ಮಾತ್ರ. ಮೊದಲ ಯುದ್ಧದಲ್ಲಿ ಆ ಊರಿನ ಹುಡುಗರಲ್ಲಿ ಹೆಚ್ಚಿನವರು ಹೋರಾಡಿದ್ದು ಜರ್ಮನ್ ಸೇನೆಯಲ್ಲಿ. ಮತ್ತೇನು ಕೆತ್ತುವುದು?

ಫಲಕದಕೆಲಸ:

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ:

'ನೊಯ್‌ಶ್ಟಾಟ್: 1880ರ ನಕ್ಷೆಯಂತೆ ಜರ್ಮನ್ ಆಳ್ವಿಕೆಯಲ್ಲಿ ಕಟ್ಟಿದ ಬಡಾವಣೆ. ನಕ್ಷೆ ಹಾಕಿದವರು ಊರಿನವರೇ ಆದ ಕೊನ್‌ರಾತ್.'

'ಪತೀತ್ ಫ್ರಾಂಸ್: ತೊಲೆಕಟ್ಟಿನ ಮನೆಗಳು. ಚೌಕಟ್ಟು ಮರದ್ದು, ನಡುವಿನ ಗೋಡೆ ತಡಿಕೆಯದ್ದು.'

ಸ್ಮಾರಕದ ಫೋಟೊ ಇದೆ. ಅದಕ್ಕೆ 'ನಮ್ಮ ಮಡಿದವರಿಗೆ' ಅಷ್ಟೇ. ಆಸ್ಪತ್ರೆ ಕಥೆಗೆ ಜಾಗ ಸಾಲಲಿಲ್ಲ, ಉದ್ಘಾಟನೆ ದಿನ ಬಾಯಲ್ಲೇ ಹೇಳುತ್ತೇನೆ.

ಹೆಂಚಿನಮನೆ:

ಹೆಂಚು?

ಫಲಕದಕೆಲಸ:

ಸೂರಿನ ಫೋಟೊ ಇಲ್ಲ ಸರ್.

ಅಚ್ಚಗನ್ನಡ:

'ಬಡಾವಣೆ'ಗೆ ನನ್ನ ಒಪ್ಪಿಗೆ ಇಲ್ಲ. 'ಆಳ್ವಿಕೆ' ಚೆನ್ನಾಗಿದೆ. 'ನಕ್ಶೆ' ಅರಬರದು, ಅದನ್ನು ಯಾರೂ ಕೇಳಲಿಲ್ಲ.