ಪದಚರ್ಚೆ: ಬೀಜಗಣಿತದಲ್ಲಿ ‘ಸಮತೆಯ ಗುಣಗಳು’ ಎನ್ನಬಹುದೇ?

ಮಂಡ್ಯದಿಂದ ಪ್ರಶ್ನೆ:

ನಮ್ಮ ಶಾಲೆಯ ಗಣಿತ ಕೊಠಡಿಯ ಗೋಡೆಗೆ ಸಮಚಿಹ್ನೆಯ (=) ನಿಯಮಗಳನ್ನು ಬರೆಸಬೇಕಾಗಿದ್ದು, ಬಣ್ಣದವರು ಸೋಮವಾರವೇ ಬರುತ್ತಾರೆ. ತಲೆಬರಹಕ್ಕೆ ಸಮತೆ, ಸಮಾನತೆ ಇವೆರಡರಲ್ಲಿ ಯಾವುದು ಯುಕ್ತ? ಮೊದಲ ಮೂರು ನಿಯಮಗಳಿಗೆ ಪ್ರತಿಫಲನ, ಸಮಮಿತಿ, ಸಂಕ್ರಮಣ ಎಂದು ಬರೆದಿಟ್ಟುಕೊಂಡಿದ್ದೇನೆ. ನಾಲ್ಕನೆಯದಾಗಿ ಪಕ್ಷಾಂತರವನ್ನು, ಅಂದರೆ ಒಂದು ಪದವನ್ನು ಚಿಹ್ನೆ ಬದಲಿಸಿ ಸಮೀಕರಣದ ಇನ್ನೊಂದು ಬದಿಗೆ ಒಯ್ಯುವುದನ್ನು, ಸೇರಿಸುವ ಯೋಚನೆಯಿದೆ.

ಮೈಸೂರಿನಿಂದ ಉತ್ತರ:

ಸಂಸ್ಕೃತದ ಮೂಟೆಯನ್ನು ಗೋಡೆಗೇರಿಸುವ ಬದಲು ‘ಸರಿತನ’ ಎಂದು ಬರೆಸಿ. ‘ಸರಿ’ ನಮ್ಮದು, ತಮಿಳು ತೆಲುಗುಗಳಲ್ಲೂ ಇದೆ, ‘ಸಮ’ ಎರವಲು. 12ನೆಯ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ಗಣಿತ ಬರೆದಿದ್ದಾನೆ, ನಮಗೇಕೆ ಈ ಹಂಗು?

ಮೈಸೂರಿನಿಂದಲೇ ಇನ್ನೊಂದು ಉತ್ತರ:

ಸರಿತನ ಖಂಡಿತ ಬೇಡ. ‘ಸರಿ’ ಎಂದೊಡನೆ ಮಕ್ಕಳಿಗೆ ಹೊಳೆಯುವುದು ‘ತಪ್ಪಲ್ಲದ್ದು’ ಎಂಬ ಅರ್ಥ. ಸರಿಬೆಸದ ಆಟದಲ್ಲಿ ಅದು ಎರಡರಿಂದ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆಯೂ ಹೌದು. ರಾಜಾದಿತ್ಯನನ್ನು ಸಾಕ್ಷಿಗೆ ಕರೆದವರು ಅವನ ಕೃತಿಯ ಹೆಸರು ‘ವ್ಯವಹಾರಗಣಿತ’ ಎಂಬುದನ್ನು ಮರೆತಂತಿದೆ. ಎರವಲೇ ಅಪರಾಧವಾದರೆ, 1557ರಲ್ಲಿ ವೇಲ್ಸ್‌ನ ರಾಬರ್ಟ್ ರೆಕಾರ್ಡ್ ಅಚ್ಚಿಗೆ ತಂದ ಆ ಎರಡು ಅಡ್ಡಗೆರೆಗಳನ್ನೂ ಹಿಂದಿರುಗಿಸಬೇಕಾಗುತ್ತದೆ.

ಸಮಾನತೆಯನ್ನು ಸಂವಿಧಾನದ 14ನೆಯ ವಿಧಿಗೆ ಬಿಟ್ಟು, ಗೋಡೆಗೆ ಸಮತೆಯನ್ನು ಇಟ್ಟುಕೊಳ್ಳಿ. ‘ಪ್ರತಿಫಲನ’ ನನಗೆ ಒಪ್ಪಿಗೆಯಿಲ್ಲ: ಕನ್ನಡಿಯೆಂದರೆ ಎಡಬಲ ಅದಲುಬದಲು, ಅದು ಎರಡನೆಯ ನಿಯಮದ ಲಕ್ಷಣ. ಅ = ಅ ಎಂಬುದಕ್ಕೆ ‘ಸ್ವಸಮತೆ’ ಸಾಕು. ಸಮಮಿತಿ ಇರಲಿ, ಆದರೆ ಅ = ಬ ಆದರೆ ಬ = ಅ ಎಂಬುದನ್ನು ಅದರ ಪಕ್ಕದಲ್ಲೇ ಬರೆಸಿ; ಇಲ್ಲವಾದರೆ ಅ + ಬ = ಬ + ಅ ಎಂಬ ಪರಿವರ್ತನೀಯ ಗುಣವೂ ಇದೂ ಒಂದೇ ಎಂದು ಮಕ್ಕಳು ತಿಳಿಯುತ್ತಾರೆ. ಅದು ಸಂಕಲನದ ಗುಣ, ಇದು ಸಮಚಿಹ್ನೆಯದು. ಸಂಕ್ರಮಣಕ್ಕೆ (ಅ = ಬ, ಬ = ಕ ಆದರೆ ಅ = ಕ) ಆಕ್ಷೇಪವಿಲ್ಲ, ದಾಟುವುದೆಂಬ ಅರ್ಥ ಅದರಲ್ಲೇ ಇದೆ, ಮತ್ತು ಹಸುಗಳಿಗೆ ಕಿಚ್ಚು ಹಾಯಿಸುವ ಮಂಡ್ಯದ ಮಕ್ಕಳಿಗೆ ಆ ಪದವೇನೂ ಹೊಸದಲ್ಲ.

ಪಕ್ಷಾಂತರವನ್ನು ಮಾತ್ರ ಕೈಬಿಡಿ. ಸಮೀಕರಣದ ಬದಿಗೆ ‘ಪಕ್ಷ’ ಎನ್ನುವುದು ಹಳೆಯ ಭಾರತೀಯ ಬೀಜಗಣಿತದ ರೂಢಿಯೇ ಆದರೂ, ಪಕ್ಷಾಂತರ ಸ್ವತಃ ಒಂದು ಗುಣವಲ್ಲ, ಗುಣವನ್ನು ಮರೆಮಾಡುವ ಅಡ್ಡದಾರಿ. ಆಲೆಮನೆಯ ತಕ್ಕಡಿಯ ಒಂದು ತಟ್ಟೆಯಲ್ಲಿ ಒಂದೇ ತೂಕದ ಮೂರು ಬೆಲ್ಲದ ಅಚ್ಚುಗಳೂ 2 ಕಿಲೋ ಬಟ್ಟೂ, ಇನ್ನೊಂದರಲ್ಲಿ 5 ಕಿಲೋ ಬಟ್ಟುಗಳೂ ಇದ್ದು ಮುಳ್ಳು ನೆಟ್ಟಗಿದೆ ಎನ್ನಿ. 2 ಕಿಲೋ ಬಟ್ಟು ಆ ಕಡೆಗೆ ಹಾರಿ ಋಣವಾಗುವುದಿಲ್ಲ. ಎರಡೂ ಕಡೆಯಿಂದ 2 ಕಿಲೋ ತೆಗೆಯುತ್ತೇವೆ, ಬಳಿಕ ಎರಡೂ ಕಡೆ ಮೂರರಿಂದ ಭಾಗಿಸುತ್ತೇವೆ, ಒಂದು ಅಚ್ಚು 1 ಕಿಲೋ ಎಂದು ತಿಳಿಯುತ್ತದೆ. ಆದ್ದರಿಂದ ನಾಲ್ಕನೆಯ ಸಾಲಿನಲ್ಲಿ ‘ಸಮಗಳಿಗೆ ಸಮವನ್ನು ಕೂಡಿದರೂ ಕಳೆದರೂ ಸಮ’ ಎಂದೂ, ಐದನೆಯದರಲ್ಲಿ ‘ಸಮಗಳನ್ನು ಒಂದೇ ಸಂಖ್ಯೆಯಿಂದ ಗುಣಿಸಿದರೂ, ಸೊನ್ನೆಯಲ್ಲದ ಒಂದೇ ಸಂಖ್ಯೆಯಿಂದ ಭಾಗಿಸಿದರೂ ಸಮ’ ಎಂದೂ ಇರಲಿ.

ಜಾಗ ಸಾಲದೆಂದು ಬಣ್ಣದವರು ‘ಸೊನ್ನೆಯಲ್ಲದ’ ಎಂಬುದನ್ನು ಬಿಟ್ಟಾರು, ಪಕ್ಕದಲ್ಲೇ ನಿಂತು ಬರೆಸಿ: 2 × 0 = 3 × 0 ನಿಜವೇ, ಆದರೆ ಎರಡೂ ಕಡೆಯ ಸೊನ್ನೆಯನ್ನು ಹೊಡೆದುಹಾಕಿದರೆ 2 = 3 ಎಂದಾಗುತ್ತದೆ.