ಪಿಕಪ್ ಸುತ್ತುವುದಕ್ಕೆ 12 ವೋಲ್ಟ್ ಸಾಕು

ಎಲ್ಲರಿಗೂ ನಮಸ್ಕಾರ. ಮಗು, ನೀನು ಬೆಳಿಗ್ಗೆ ಈ ಗುಂಪಿಗೆ ಹಾಕಿದ ಚಿತ್ರವನ್ನು ನೋಡಿದೆ. ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನು, ಅಂದರೆ ಅಯಸ್ಕಾಂತದ ಸುತ್ತಲಿನ ತಂತಿಯ ಸುರುಳಿಯನ್ನು, ನೀನೇ ಸುತ್ತಬೇಕೆಂದು ಅಮ್ಮನ ಹೊಲಿಗೆ ಯಂತ್ರದ ಮೋಟಾರನ್ನು ಬಿಚ್ಚಿ ಹಲಗೆಗೆ ಬಿಗಿದಿದ್ದೀಯೆ, ವೇಗ ತಗ್ಗಿಸಲು ಫ್ಯಾನ್ ರೆಗ್ಯುಲೇಟರ್ ಸೇರಿಸಿದ್ದೀಯೆ, ಎರಡು ಪಿನ್ನಿನ ಪ್ಲಗ್ಗಿನಿಂದ ನೇರವಾಗಿ ಕರೆಂಟ್ ಕೊಟ್ಟಿದ್ದೀಯೆ. "ಮೋಟಾರಿನ ಮೈ ಮುಟ್ಟಿದರೆ ಸ್ವಲ್ಪ ಜುಮ್ಮೆನ್ನುತ್ತದೆ, ಪರವಾಗಿಲ್ಲ ಅಲ್ಲವೇ ಚಿಕ್ಕಪ್ಪ" ಎಂದು ಕೊನೆಯಲ್ಲಿ ನಗುಮುಖ ಹಾಕಿ ಕೇಳಿದ್ದೀಯೆ. ಪರವಾಗಿಲ್ಲ ಎನ್ನುವ ಹಾಗಿಲ್ಲ. ಈ ಸಂದೇಶವನ್ನು ಪೂರ್ತಿ ಕೇಳುವ ಮೊದಲು ಹೋಗಿ ಪ್ಲಗ್ಗನ್ನು ಕಿತ್ತು ಬಾ. ರೆಗ್ಯುಲೇಟರ್ ಸೊನ್ನೆಗೆ ತಿರುಗಿಸಿದರೆ ಸಾಲದು.

ಏಕೆ ಸಾಲದು ಎಂದರೆ, ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದಾದ್ದರಿಂದ, ಫೇಸ್ ಮೊದಲು ಮೋಟಾರಿಗೆ ಬಂದು ಆಮೇಲೆ ರೆಗ್ಯುಲೇಟರನ್ನು ತಲುಪುವ ಸಾಧ್ಯತೆ ಇದ್ದೇ ಇರುತ್ತದೆ. ಆಗ ಮೋಟಾರು ನಿಂತಿದ್ದರೂ ಅದರ ಸುರುಳಿಯಲ್ಲಿ 230 ವೋಲ್ಟ್ ಹಾಗೆಯೇ ಇರುತ್ತದೆ. ಇನ್ನು ಆ ಜುಮ್ಮೆನ್ನುವ ವಿಷಯ. ಇಂಥ ಮೋಟಾರುಗಳಲ್ಲಿ ಕಾರ್ಬನ್ ಬ್ರಷ್‌ಗಳು ಸವೆಯುತ್ತಾ ಉದುರಿಸುವ ಕಪ್ಪು ಪುಡಿ ವರ್ಷಗಟ್ಟಲೆ ಒಳಗೇ ಕೂತಿರುತ್ತದೆ, ಮತ್ತು ಕಾರ್ಬನ್ ವಿದ್ಯುತ್ತನ್ನು ಹರಿಯಬಿಡುವ ವಸ್ತುವಾದ್ದರಿಂದ ಆ ಪುಡಿಯೇ ಎಷ್ಟೋ ಸಲ ಲೋಹದ ಮೈಗೆ ಕಳ್ಳದಾರಿಯಾಗುತ್ತದೆ. ಅರ್ತಿಂಗ್ ಇದ್ದಿದ್ದರೆ ಆ ಸೋರಿಕೆ ತಂತಿಯ ಮೂಲಕ ನೆಲ ಸೇರುತ್ತಿತ್ತು. ಇಲ್ಲದ್ದರಿಂದ ನಿನ್ನ ಮೂಲಕ ಸೇರುತ್ತಿದೆ. ಇವತ್ತು ಒಂದೆರಡು ಮಿಲಿಆಂಪಿಯರ್ ಇದ್ದೀತು. ಹತ್ತು ಮೀರಿದರೆ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಬೇಕೆಂದರೂ ಕೈ ಬಿಡದು. ಮೂವತ್ತು ಮೀರಿದರೆ ಹೃದಯದ ಬಡಿತಕ್ಕೇ ಅಪಾಯ. ಅಣ್ಣ "ಎಂಸಿಬಿ ಇದೆಯಲ್ಲ" ಎಂದು ಬರೆದಿದ್ದಾನೆ. ಅಣ್ಣ, ಹೊರೆ ಮೀರಿದರೆ ತಾನೇ ಬೀಳುವ ಆ ಎಂಸಿಬಿ ಸ್ವಿಚ್ಚು ಕಾಪಾಡುವುದು ತಂತಿಯನ್ನು. ಹತ್ತು ಆಂಪಿಯರಿಗೆ ಬೀಳುವ ಸ್ವಿಚ್ಚಿಗೆ ಮನುಷ್ಯನ ಮೈಯಲ್ಲಿ ಹರಿಯುವ ಹತ್ತನೇ ಒಂದು ಆಂಪಿಯರ್ ಲೆಕ್ಕಕ್ಕೇ ಬರುವುದಿಲ್ಲ. ಸೋರಿಕೆಯನ್ನು ಗುರುತಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಅದೂ ಕರೆಂಟು ನೆಲಕ್ಕೆ ಸೋರಿದಾಗ ಮಾತ್ರ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದೂ ಉಳಿಸಲಾರದು.

ಮೊದಮೊದಲ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಮಾಡಿದ ಜಾರ್ಜ್ ಬೀಚಮ್ ಬಟ್ಟೆ ಒಗೆಯುವ ಯಂತ್ರದ ಮೋಟಾರಿನಿಂದ ಕಾಯಿಲ್ ಸುತ್ತಿದ್ದನೆಂದು ಹೇಳುತ್ತಾರೆ, ಅದನ್ನು ನೀನೂ ಓದಿರಬಹುದು. ಅದು 1930ರ ದಶಕದ ಆರಂಭದ ಮಾತು. ಕೈಗೆ ಸಿಕ್ಕಿದ್ದನ್ನು ಆತ ಬಳಸಿದ. ನಿನಗೆ ಆ ಬಡತನವಿಲ್ಲ. ಕೂದಲೆಳೆಯಂಥ ತಂತಿಯನ್ನು ಹಗುರವಾದ ಬಾಬಿನ್ನಿಗೆ ಸುತ್ತಲು 12 ವೋಲ್ಟಿನ ಪುಟ್ಟ ಡಿಸಿ ಮೋಟಾರು, ಅದರ ವೇಗಕ್ಕೊಂದು ಪಿಡಬ್ಲ್ಯೂಎಂ ನಿಯಂತ್ರಕ (ಕರೆಂಟನ್ನು ಬೇಗಬೇಗ ಕೊಟ್ಟು ತಡೆದು ವೇಗ ಹೊಂದಿಸುವಂಥದ್ದು), ಒಂದೆರಡು ಆಂಪಿಯರಿನ ಸಿದ್ಧ ಅಡಾಪ್ಟರ್ ಧಾರಾಳವಾಯಿತು. ಅಡಾಪ್ಟರಿನ ಮೇಲೆ ಚೌಕದೊಳಗೊಂದು ಚೌಕದ ಗುರುತು ಇದೆಯೇ ನೋಡಿಕೊ, ಅದು ಇಮ್ಮಡಿ ಇನ್ಸುಲೇಷನ್ನಿನ ಗುರುತು. 12 ವೋಲ್ಟಿನ ತಂತಿಯಲ್ಲಿ ಸಣ್ಣದೊಂದು ಫ್ಯೂಸ್ ಇಡು. ಬಾಬಿನ್ ಸಿಕ್ಕಿಕೊಂಡು ಮೋಟಾರು ನಿಂತುಬಿಟ್ಟರೆ ತಂತಿ ಬಿಸಿಯೇರುವುದು ತಪ್ಪುತ್ತದೆ. ಹಳೆಯ ಕಂಪ್ಯೂಟರಿನ ಪವರ್ ಸಪ್ಲೈ ಬಿಚ್ಚಿ 12 ವೋಲ್ಟ್ ತೆಗೆಯುವ ಯೋಚನೆ ಬಂದರೆ ಅದನ್ನು ಅಲ್ಲಿಗೇ ಬಿಡು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿಗೂ ಹೆಚ್ಚು ಉಳಿದಿರಬಹುದು. ನಾನೊಮ್ಮೆ ಅದನ್ನು ಮುಟ್ಟಿ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೋಣೆಯ ಆಚೆ ಮೂಲೆಗೆ ಎಸೆದಿದ್ದೇನೆ.

ವೇಗದ ಆಸೆ ಬೇಡ. ತಂತಿಯ ದಪ್ಪ ಹೇಳುವ ಎಡಬ್ಲ್ಯೂಜಿ ಅಳತೆಯಲ್ಲಿ 42ನೇ ಸಂಖ್ಯೆಯ ತಂತಿ ಎಂದರೆ ತಾಮ್ರದ ದಪ್ಪ 0.063 ಮಿಲಿಮೀಟರು. ಒಂಟಿ ಕಾಯಿಲಿನ ಪಿಕಪ್ಪಿಗೆ ಸುಮಾರು 8000 ಸುತ್ತು ಬೇಕು. ಹೆಬ್ಬೆರಳಿನಷ್ಟಿರುವ ಆ ಬಾಬಿನ್ನಿನಲ್ಲಿ ಒಂದು ಕಿಲೋಮೀಟರಿಗೂ ಮಿಕ್ಕಿದ ತಂತಿ ಅಡಗುತ್ತದೆ ಎಂಬುದು ನನಗೆ ಈಗಲೂ ಸೋಜಿಗ. ನಿಮಿಷಕ್ಕೆ 600 ಸುತ್ತಿನಂತೆ ಹೋದರೂ ಹದಿಮೂರು, ಹದಿನಾಲ್ಕು ನಿಮಿಷದ ಕೆಲಸ. ಹೊಲಿಗೆ ಯಂತ್ರದ ಮೋಟಾರಾದರೋ ಹೊರೆಯಿಲ್ಲದಿದ್ದರೆ ಸಾವಿರಾರು ಸುತ್ತಿಗೆ ಏರಿ ತಂತಿಯನ್ನು ಹರಿದುಬಿಡುತ್ತದೆ.

ಸುತ್ತು ಎಣಿಸಲು ಹಳೆಯದೊಂದು ಉಪಾಯವಿದೆ. ಮೋಟಾರಿನ ತಿರುಗುವ ತಟ್ಟೆಗೆ ಪುಟ್ಟ ಅಯಸ್ಕಾಂತ ಅಂಟಿಸಿ, ಎದುರಿಗೆ ಅಯಸ್ಕಾಂತ ಹತ್ತಿರ ಬಂದಾಗ ಕೂಡಿಕೊಳ್ಳುವ ರೀಡ್ ಸ್ವಿಚ್ ನಿಲ್ಲಿಸಿ, ಅದರ ಎರಡು ತಂತಿಗಳನ್ನು ಸೆಲ್ಲಿನಲ್ಲಿ ನಡೆಯುವ ಕ್ಯಾಲ್ಕ್ಯುಲೇಟರಿನ ಸಮಚಿಹ್ನೆಯ ಗುಂಡಿಯ ಕೆಳಗಿನ ಸಂಪರ್ಕಗಳಿಗೆ ಬೆಸೆದರೆ, ಒಂದು ಕೂಡು ಒಂದು ಎಂದು ಒತ್ತಿಟ್ಟ ಮೇಲೆ ಪ್ರತಿ ಸುತ್ತಿಗೂ ಅಂಕಿ ಒಂದೊಂದೇ ಏರುತ್ತದೆ. ಕೆಲವು ಕ್ಯಾಲ್ಕ್ಯುಲೇಟರುಗಳು ವೇಗ ಹೆಚ್ಚಿದರೆ ಸುತ್ತು ನುಂಗುತ್ತವೆ. ಆದ್ದರಿಂದ ಮೊದಲು ನಿಧಾನವಾಗಿ, ಆಮೇಲೆ ಸುತ್ತುವ ವೇಗದಲ್ಲೇ ಒಂದೊಂದು ನಿಮಿಷ ಓಡಿಸಿ ಅಂಕಿಯನ್ನು ಲೆಕ್ಕದೊಡನೆ ತಾಳೆ ನೋಡು.

ತಂತಿಯನ್ನು ಬರಿ ಬೆರಳಲ್ಲಿ ಹಿಡಿಯಬೇಡ, ಫೆಲ್ಟ್ ಬಟ್ಟೆಯ ತುಂಡಿನ ನಡುವೆ ಜಾರಿಸು. ಬಿಗಿ ಹೆಚ್ಚಾದರೆ ತಂತಿ ಎಳೆದು ಸಣ್ಣಗಾಗಿ ರೋಧ ಏರುತ್ತದೆ, ಸಡಿಲವಾದರೆ ಪಿಕಪ್ ಕೀಚಲು ಸದ್ದು ಹಿಡಿಯುತ್ತದೆ. ತೋಳಿನ ಅಂಗಿ ಮಡಚು, ಉಂಗುರ ತೆಗೆದಿಡು, ನಿಲ್ಲಿಸುವ ಸ್ವಿಚ್ಚನ್ನು ಕಾಲ ಬಳಿ ಇಡು, ಏಕೆಂದರೆ ಎರಡೂ ಕೈ ತಂತಿಯಲ್ಲೇ ಇರುತ್ತವೆ. ಮುಗಿದ ಮೇಲೆ ಮಲ್ಟಿಮೀಟರಿನಲ್ಲಿ 6 ಕಿಲೋಓಮ್ ಆಸುಪಾಸು ಬಂದರೆ ಸರಿ; ಬಿಸಿ ಕಾಯಿಲ್ ಹತ್ತು ಡಿಗ್ರಿಗೆ ಶೇಕಡಾ ನಾಲ್ಕರಷ್ಟು ಹೆಚ್ಚು ತೋರಿಸುವುದರಿಂದ ಆರಲು ಬಿಟ್ಟು ಅಳೆ. ಸುತ್ತುಗಳು ಅಲುಗದಂತೆ ಕಾಯಿಲನ್ನು ಮೇಣದಲ್ಲಿ ಅದ್ದುವಾಗ ನೇರ ಉರಿ ಬೇಡ. ಬಿಸಿನೀರಿನ ಪಾತ್ರೆಯೊಳಗೆ ಮೇಣದ ಪಾತ್ರೆ ಇಟ್ಟು 65 ಡಿಗ್ರಿಯ ಸುತ್ತ ಕಾಪಾಡಿಕೊ, ಮೀರಿದರೆ ಪ್ಲಾಸ್ಟಿಕ್ ಬಾಬಿನ್ ಸೊಟ್ಟಗಾಗುತ್ತದೆ.

ಅತ್ತಿಗೆ, ಇದು ನಿಮಗೆ. ಆ ಮೋಟಾರನ್ನು ಅವನು ಮರಳಿ ಯಂತ್ರಕ್ಕೆ ಜೋಡಿಸಿ ಕೊಟ್ಟರೂ ಈಗಲೇ ಹೊಲಿಯಲು ಕೂರಬೇಡಿ. ಮುಂದಿನ ಸಲ ಬಂದಾಗ ಬ್ರಷ್ ಬದಲಿಸಿ, ಒಳಗಿನ ಪುಡಿ ತೆಗೆದು, ಇನ್ಸುಲೇಷನ್ ಅಳೆದು ಕೊಡುತ್ತೇನೆ.